ಎಂಟು ಹಲ್ಲಿನ ಪಿನಿಯನ್ ಮತ್ತು ಊರಿನ ದಾರಿ

ಅಹಮದಾಬಾದಿನಿಂದ ವಡೋದರಾ, ಸೂರತ್ ದಾಟಿ ಮುಂಬಯಿ, ಪುಣೆ, ಬೆಳಗಾವಿ, ಹುಬ್ಬಳ್ಳಿಗಳ ಮೂಲಕ ಬೆಂಗಳೂರಿಗೆ ಹೋಗುವುದು ಒಂದೇ ರಾಷ್ಟ್ರೀಯ ಹೆದ್ದಾರಿ, 48. ಹಳೆಯ ಜೀಪೊಂದನ್ನು ಕೊಂಡು ಈ ದಾರಿಯಲ್ಲೇ ಊರು ಸೇರಬೇಕೆಂದು ಕನಸು ಕಾಣುವ ಕನ್ನಡಿಗರು ಗುಜರಾತಿನಲ್ಲಿ ಕೆಲವರಿದ್ದಾರೆ, ನಾನೂ ಅವರಲ್ಲೊಬ್ಬ. ಕೊಲ್ಲೂರಿನ ಕಡೆಯಿಂದ ಕೊಡಚಾದ್ರಿ ಏರುವ ಜೀಪುಗಳನ್ನು ಬಾಲ್ಯದಲ್ಲಿ ಕಂಡವನಿಗೆ ಈ ಹಂಬಲ ಸಹಜ. ಆದರೆ ಹಂಬಲ ಹೊತ್ತು ಗ್ಯಾರೇಜಿಗೆ ಹೋದವನು ಮೊದಲು ದೊಡ್ಡ ಟೈರು ಹಾಕಿಸುತ್ತಾನೆ. ಆಮೇಲೆ ಆಕ್ಸಲಿಗೆ ಸಿಗುವುದರಲ್ಲೇ ಅತಿ ಹೆಚ್ಚಿನ ಅನುಪಾತದ ಕ್ರೌನ್-ಪಿನಿಯನ್ ಜೋಡಿ ಕೇಳುತ್ತಾನೆ. ನನ್ನ ತಕರಾರು ಈ ಎರಡನೆಯದರ ಬಗ್ಗೆ.

ಲೆಕ್ಕ ಸರಳವಾದುದು. ಎಂಜಿನ್ನಿನ ಕಡೆಯಿಂದ ತಿರುಗುವ ಪಿನಿಯನ್ನಿಗೆ 8 ಹಲ್ಲು, ಅದು ತಿರುಗಿಸುವ ಕ್ರೌನಿಗೆ 39 ಹಲ್ಲು ಇದ್ದರೆ ಅನುಪಾತ 4.88, ಕ್ರೌನಿಗೆ 43 ಹಲ್ಲಿದ್ದರೆ 5.38. ಎರಡನೆಯ ಮಹಾಯುದ್ಧದ ವಿಲ್ಲಿಸ್ ಜೀಪಿಗಿದ್ದುದು ಮೊದಲಿನದು. ಯುದ್ಧ ಮುಗಿದ 1945ರಲ್ಲಿ ರೈತರನ್ನೂ ಕಣ್ಣಮುಂದಿಟ್ಟುಕೊಂಡು ಬಂದ ಸಿಜೆ-2ಎಗೆ ಎರಡನೆಯದು. ನೇಗಿಲೆಳೆಯುವ ಗಾಡಿಗೆ ವೇಗಕ್ಕಿಂತ ಬಲ ಬೇಕಿತ್ತು. ಅನುಪಾತವನ್ನು ನಿರ್ಧರಿಸಿದ್ದು ಮಾಡಬೇಕಾದ ಕೆಲಸವೇ ಹೊರತು ಬಿಂಕವಲ್ಲ.

28 ಇಂಚಿನ ಟೈರು ತೆಗೆದು 31 ಇಂಚಿನದನ್ನು ಹಾಕಿದರೆ 4.88 ಎಂಬುದು 4.41ರಂತೆ ವರ್ತಿಸುತ್ತದೆ, ಗಾಡಿ ಏರಿನಲ್ಲಿ ಏದುಸಿರು ಬಿಡುತ್ತದೆ. ಕಳೆದುಹೋದುದನ್ನು ತುಂಬಲು ಬೇಕಾದದ್ದು 5.40, ಆದ್ದರಿಂದ 5.38 ಸಾಕು. ಅಲ್ಲಿಗೆ ನಿಲ್ಲಬೇಕು. ಟೈರು ಬದಲಿಸದೆಯೇ 5.38 ಹಾಕಿಸಿಕೊಂಡವರೂ ಇದ್ದಾರೆ. ಟಾಪ್ ಗೇರ್ ನೇರವಾಗಿರುವ ಹಳೆಯ ಜೀಪಿನಲ್ಲಿ ಅಂಥವರ ಎಂಜಿನ್ 80 ಕಿ.ಮೀ. ವೇಗಕ್ಕೆ ನಿಮಿಷಕ್ಕೆ 2,900 ಸುತ್ತಿನ ಬದಲು 3,200 ಸುತ್ತುತ್ತದೆ. ಅಹಮದಾಬಾದ್–ವಡೋದರಾ ಎಕ್ಸ್‌ಪ್ರೆಸ್‌ವೇಯ 93 ಕಿ.ಮೀ.ವರೆಗೆ ಅದನ್ನು ಹೇಗೋ ಸಹಿಸಬಹುದು. ಬೆಳಗಾವಿ ತಲುಪುವಷ್ಟರಲ್ಲಿ ಕಿವಿಯೂ ಸೋಲುತ್ತದೆ, ಕಿಸೆಯೂ ಸೋಲುತ್ತದೆ.

ಏರಿಗೆ ಬಲ ಬೇಡವೇ ಎಂದು ಕೇಳಬಹುದು. ಬೇಕು, ಅದಕ್ಕೆಂದೇ ಟ್ರಾನ್ಸ್‌ಫರ್ ಕೇಸಿನಲ್ಲಿ ಲೋ ಗೇರ್ ಇದೆ. ಕೊಡಚಾದ್ರಿಯ ಕಲ್ಲುದಾರಿಯಲ್ಲಿ ಅದನ್ನು ಹಾಕುತ್ತೇವೆ, ಹೆದ್ದಾರಿಯಲ್ಲಿ ತೆಗೆಯುತ್ತೇವೆ. ಆಕ್ಸಲಿನ ಅನುಪಾತವನ್ನು ಹಾಗೆ ತೆಗೆದಿಡಲಾಗದು. ಮೇಲಾಗಿ ಇಲ್ಲಿನ ನೆಲವೇ ಬೇರೆ. ವಡೋದರಾ ಸಮೀಪದ ಮಹೀ ನದಿಯ ಮರಳಿನಲ್ಲಿ ಇಂಚಿಂಚಾಗಿ ತೆವಳಿದರೆ ಚಕ್ರ ಹೂತುಹೋಗುತ್ತದೆ. ಅಲ್ಲಿ ಓಟವನ್ನು ಕಾಯ್ದುಕೊಳ್ಳಬೇಕು. ಮಲೆನಾಡಿನ ಬುದ್ಧಿಯನ್ನು ಮರಳಿಗೆ ಹಚ್ಚಿ ಫಲವಿಲ್ಲ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಸೂರತ್ತಿನ ಸ್ನೇಹಿತರೊಬ್ಬರು ಖರ್ಚು ಉಳಿಸಲು ಹಿಂದಿನ ಆಕ್ಸಲಿನ ಜೋಡಿಯನ್ನಷ್ಟೇ ಬದಲಿಸಿದರು. ಗ್ಯಾರೇಜಿನವನು ಬೇಡವೆನ್ನಲಿಲ್ಲ. ಹಿಂದಿನ ಚಕ್ರಗಳಷ್ಟೇ ಎಳೆಯುವಾಗ ಏನೂ ತಿಳಿಯಲಿಲ್ಲ. ಫೋರ್ ವೀಲ್ ಹಾಕಿದೊಡನೆ ಮುಂದಿನ ಚಕ್ರಗಳು ಒಂದು ವೇಗಕ್ಕೂ ಹಿಂದಿನವು ಇನ್ನೊಂದಕ್ಕೂ ಜಗ್ಗಾಡತೊಡಗಿದವು. ಮರಳು ಜಾರಲು ಬಿಡುತ್ತದೆ, ಡಾಂಬರು ಬಿಡುವುದಿಲ್ಲ. ಡಾಂಬರಿಗೆ ಬಂದಮೇಲೂ ಫೋರ್ ವೀಲ್ ತೆಗೆಯಲು ಮರೆತರು, ಟ್ರಾನ್ಸ್‌ಫರ್ ಕೇಸು ಒಡೆಯಿತು. ಬದಲಿಸುವುದಾದರೆ ಎರಡೂ ಆಕ್ಸಲುಗಳನ್ನು ಒಟ್ಟಿಗೆ ಬದಲಿಸಬೇಕು. ಅಷ್ಟು ಹಣವಿಲ್ಲದಿದ್ದರೆ ಒಂದನ್ನೂ ಮುಟ್ಟಬಾರದು.

ಅಂದಹಾಗೆ, ತಯಾರಕರ ವಿವರಕ್ಕೆ ಹೊಂದದ ಮಾರ್ಪಾಡು ಸಲ್ಲದೆಂದು ಸರ್ವೋಚ್ಚ ನ್ಯಾಯಾಲಯ 2019ರಲ್ಲೇ ಹೇಳಿದೆ. ಗುಜರಾತ್, ಮಹಾರಾಷ್ಟ್ರ, ಕರ್ನಾಟಕ ಮೂರೂ ರಾಜ್ಯಗಳ ಪೊಲೀಸರಿಗೆ ದೊಡ್ಡ ಟೈರು ದೂರದಿಂದಲೇ ಕಾಣುತ್ತದೆ. ಹೋದ ವರ್ಷ ನನ್ನ ಜೀಪಿನ ಟೈರು ಸವೆದಾಗ ಹಳೆಯ ಅಳತೆಯದನ್ನೇ ಹಾಕಿಸಿದೆ. ಆಕ್ಸಲಿನ ಎಣ್ಣೆ ಬದಲಿಸಿದೆನೇ ಹೊರತು ಹಲ್ಲುಗಳನ್ನು ಮುಟ್ಟಲಿಲ್ಲ.