ಬಿಸಿಲಿನ ದೇಶಕ್ಕೆ ಹೊರಡಲು ಯಾವ ತಿಂಗಳು?

ಆರಿದ್ರಾ ಮಳೆ ಹಿಡಿಯಿತೆಂದರೆ ಹರಿಹರಪುರದ ಸುತ್ತಣ ಮನೆಗಳಲ್ಲಿ ಒಲೆಯ ಮೇಲೆ ಕಟ್ಟಿದ ಹಗ್ಗದ ಬಟ್ಟೆಯೂ ಬೇಗನೆ ಒಣಗದು. ತುಂಗೆಯು ಕೆಂಪಾಗಿ ತುಂಬಿ ಹರಿಯುವಳು. ಸೂರ್ಯನ ಮುಖವನ್ನು ಕಾಣದೆ ದಿನಗಳು ಸಂದುಹೋಗುವುವು. ಇಂಥ ಸಮಯದಲ್ಲಿ “ಎಲ್ಲಿಯಾದರೂ ಬಿಸಿಲಿರುವ ದೇಶಕ್ಕೆ ಹೋಗಿಬರಬಾರದೇ?” ಎಂಬ ಮಾತು ಮನೆಯಲ್ಲಿ ಹುಟ್ಟುವುದು ಸಹಜವೇ. ಹಿಂದೆ ಈ ಆಸೆಯು ಬಯಲುಸೀಮೆಯ ನಂಟರ ಮನೆಯಲ್ಲಿಯೇ ತೀರಿಹೋಗುತ್ತಿದ್ದಿತು. ಈಗಲಾದರೋ ಅನೇಕರ ಮಕ್ಕಳು ಹೊರದೇಶಗಳಲ್ಲಿ ನೆಲೆಸಿರುವರು. ದುಬೈ, ಶ್ರೀಲಂಕೆ, ಬಾಲಿ, ಮಾರಿಷಸ್ಸುಗಳ ಹೆಸರು ಮಲೆನಾಡಿನ ಜಗಲಿಯ ಮೇಲೂ ಕೇಳಿಬರುತ್ತಲಿದೆ.

ಆದರೆ ಬಹುಮಂದಿ ಗೃಹಸ್ಥರು ಮೊದಲು ದೇಶವನ್ನು ಗೊತ್ತುಮಾಡಿಕೊಂಡು, ಆಮೇಲೆ ತಮಗೆ ಬಿಡುವಾದ ತಿಂಗಳಿಗೆ ಟಿಕೇಟು ಕೊಳ್ಳುವರು. ಅಲ್ಲಿಗೆ ಹೋದ ಮೇಲೆ ಮಳೆಯೋ, ತಡೆಯಲಾರದ ಝಳವೋ ಎದುರಾಗಿ, ಹಲವು ವರ್ಷಗಳ ಉಳಿತಾಯವು ಹೋಟೆಲಿನ ಕೋಣೆಯಲ್ಲಿಯೇ ಕರಗುವುದು. ಆದಕಾರಣ ಮೊದಲು ತಿಂಗಳು, ಆಮೇಲೆ ದೇಶ: ಇದೇ ಸರಿಯಾದ ಕ್ರಮವು.

ಅಡಿಕೆತೋಟದ ಮನೆಗೆ ಬಿಡುವೆಂಬುದು ಎಷ್ಟು? ಮೇ ತಿಂಗಳ ಕಡೆಯಲ್ಲಿ, ಮಳೆ ಹಿಡಿಯುವ ಮುನ್ನ, ಕೊಳೆರೋಗಕ್ಕೆ ಮೈಲುತುತ್ತ ಸುಣ್ಣದ ಔಷಧಿಯನ್ನು ಗೊನೆಗಳಿಗೆ ಹೊಡೆಯಬೇಕು. ಸುಮಾರು ೪೦-೪೫ ದಿನಗಳ ಮೇಲೆ, ಮಳೆ ತುಸು ಬಿಡುವು ಕೊಟ್ಟಾಗ, ಎರಡನೆಯ ಸಲ ಹೊಡೆಯಬೇಕು. ಮುಂದೆ ಕೊಯ್ಲು ಆರಂಭವಾದರೆ ಸುಲಿಯುವುದು, ಬೇಯಿಸುವುದು, ಒಣಗಿಸುವುದು ಎಂದು ಜನವರಿಯವರೆಗೂ ಯಜಮಾನನು ಮನೆ ಬಿಡುವಂತಿಲ್ಲ. ಉಳಿಯುವುದು ಎರಡೇ ಅವಕಾಶ: ಫೆಬ್ರವರಿಯಿಂದ ಮೇ ನಡುವಿನವರೆಗೆ ಒಂದು, ಆಗಸ್ಟಿನ ಕಡೆಯಿಂದ ಕೊಯ್ಲಿನವರೆಗೆ ಮತ್ತೊಂದು.

ಮೊದಲನೆಯದನ್ನು ನೋಡೋಣ. ಫೆಬ್ರವರಿಯಲ್ಲಿ ದುಬೈಯ ಹಗಲು ಹಿತವಾಗಿ, ೨೫ ಡಿಗ್ರಿಯ ಆಸುಪಾಸಿನಲ್ಲಿರುವುದು. ಶ್ರೀಲಂಕೆಯ ಕೊಲಂಬೋ, ಗಾಲೆಗಳ ಕಡಲತೀರವೂ ಆಗ ಒಣಗಿರುವುದು. ಶಾಲೆಯ ಮಕ್ಕಳಿಲ್ಲದ ಸಂಸಾರಕ್ಕೆ ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ಮಕ್ಕಳಿದ್ದರೆ ಪರೀಕ್ಷೆ ಮುಗಿದು ಏಪ್ರಿಲ್ ಬರಬೇಕು. ಅಷ್ಟರಲ್ಲಿ ದುಬೈ ಕಾಯತೊಡಗಿ, ಜುಲೈ ಆಗಸ್ಟುಗಳಲ್ಲಿ ೪೦ ಡಿಗ್ರಿಯನ್ನು ಮೀರುವುದು. ಅಲ್ಲಿನ ನಮ್ಮವರೇ ಆಗ ಶಾಲೆಗಳಿಗೆ ರಜವೆಂದು ಊರಿಗೆ ಬರುವರು. ಅಲ್ಲಿಗೆ ಹೋದ ತಾಯಿತಂದೆಗಳು ಬೀಗ ಹಾಕಿದ ಬಾಗಿಲನ್ನು ಕಂಡರೆ ಸೋಜಿಗವಿಲ್ಲ! ಬೇಸಗೆಯ ರಜಕ್ಕೆ ಬಾಲಿಯೇ ಮೇಲು. ಏಪ್ರಿಲಿನಿಂದ ಅಕ್ಟೋಬರಿನವರೆಗೆ ಅಲ್ಲಿ ಮಳೆ ಕಡಮೆ.

ಎರಡನೆಯ ಅವಕಾಶದಲ್ಲಿ ಒಂದು ವಿನೋದವಿದೆ. ನಮಗೆ ಮಳೆಯನ್ನು ತರುವ ಗಾಳಿಯು ಮಾರಿಷಸ್ಸಿನ ದಕ್ಷಿಣದ ಮಹಾಸಾಗರದ ಕಡೆಯಿಂದ ಹೊರಟು, ಭೂಮಧ್ಯರೇಖೆಯನ್ನು ದಾಟಿ, ಆಫ್ರಿಕದ ಕರಾವಳಿಯ ಬಳಿ ತಿರುಗಿ, ಅರಬ್ಬೀ ಸಮುದ್ರದ ನೀರನ್ನು ಹೊತ್ತು ಘಟ್ಟಕ್ಕೆ ಬಡಿಯುವುದು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ೭,೦೦೦ ಮಿಲಿಮೀಟರಿಗೂ ಮೀರಿ ಮಳೆ ಸುರಿಯುವುದು ಬಹುಮಟ್ಟಿಗೆ ಈ ಗಾಳಿಯಿಂದಲೇ. ಅದು ಹೊರಡುವ ಸೀಮೆಯಲ್ಲಾದರೋ ಆಗ ಒಣಹವೆಯ ಚಳಿಗಾಲವು. ನಾವು ಕಂಬಳಿಕೊಪ್ಪೆಯಲ್ಲಿರುವಾಗ ಮಾರಿಷಸ್ಸಿನ ಪಶ್ಚಿಮ ತೀರದಲ್ಲಿ ಎಳೆಬಿಸಿಲು. ಸಂಜೆಗೊಂದು ಶಾಲು ಸಾಕು. ಶ್ರೀಲಂಕೆಯಲ್ಲಿಯೂ ಹೀಗೆಯೇ: ನೈಋತ್ಯದ ಮಳೆಯನ್ನು ನಡುವಿನ ಬೆಟ್ಟಗಳು ತಡೆಯುವುದರಿಂದ ಪೂರ್ವದ ತ್ರಿಂಕೋಮಲಿಯು ಸೆಪ್ಟೆಂಬರಿನವರೆಗೆ ಬಿಸಿಲಿನಲ್ಲಿರುವುದು. ನಮ್ಮ ಮಳೆಗಾಲಕ್ಕೆ ಬೇಸರಪಟ್ಟವರಿಗೆ ಇಷ್ಟು ಒಪ್ಪುವ ದೇಶಗಳು ಬೇರೆಯಿಲ್ಲ. ಆದರೆ ಚೌತಿಯ ಹಬ್ಬವೂ ಪಿತೃಪಕ್ಷದ ತಿಥಿಯೂ ಈ ದಿನಗಳಲ್ಲಿಯೇ ಬರತಕ್ಕವು. ಪಂಚಾಂಗವನ್ನು ಮೊದಲೇ ನೋಡಿಕೊಳ್ಳುವುದು ಯುಕ್ತ. ದಸರೆಯ ರಜವನ್ನೇ ನಂಬಿದವರಿಗೆ ಬಾಲಿ, ಮಾರಿಷಸ್ಸುಗಳು ಅಕ್ಟೋಬರಿನಲ್ಲಿಯೂ ಚೆನ್ನಾಗಿಯೇ ಇರುವುವು.

ಬಿಡತಕ್ಕ ಕಾಲಗಳೂ ಉಂಟು. ಜನವರಿಯಿಂದ ಮಾರ್ಚಿಯವರೆಗೆ ಮಾರಿಷಸ್ಸಿಗೆ ಚಂಡಮಾರುತದ ಭಯವಿರುವುದು. ಬಾಲಿಯಲ್ಲಿ ಆಗ ಮಳೆ. ಶಕವರ್ಷವನ್ನು ಎಣಿಸುವ ಬಾಲಿಯವರ ಹೊಸವರ್ಷವು ಸಾಮಾನ್ಯವಾಗಿ ಮಾರ್ಚಿಯಲ್ಲಿ, ಕೆಲವು ಸಲ ನಮ್ಮ ಯುಗಾದಿಯ ಬಳಿಯಲ್ಲಿಯೇ, ಬರುವುದು. ನ್ಯೆಪಿ ಎಂಬ ಆ ಮೌನದ ದಿನ ಬೀದಿಯಲ್ಲಿ ಯಾರೂ ಓಡಾಡುವಂತಿಲ್ಲ; ವಿಮಾನ ನಿಲ್ದಾಣವೂ ಮುಚ್ಚಿರುವುದು. ಸಿಂಗಪುರಕ್ಕೆ ಮಾತ್ರ ಒಣತಿಂಗಳನ್ನು ಹುಡುಕಿ ಫಲವಿಲ್ಲ. ಅಲ್ಲಿ ಎಲ್ಲ ತಿಂಗಳಲ್ಲಿಯೂ ಮಳೆಯುಂಟು, ಕೊಡೆಯೊಂದಿದ್ದರೆ ಎಂದಾದರೂ ಹೋಗಬಹುದು.

ಪ್ರವಾಸದ ಕಂಪೆನಿಯವರು ಅಗ್ಗದ ದರವನ್ನು ತೋರಿಸಿದಾಗ ಗೃಹಿಣಿಯರು ಒಂದು ಪ್ರಶ್ನೆಯನ್ನು ತಪ್ಪದೆ ಕೇಳಬೇಕು: “ಆ ತಿಂಗಳಲ್ಲಿ ಅಲ್ಲಿ ಮಳೆಯೆಷ್ಟು, ಬಿಸಿಲೆಷ್ಟು?” ಬಹುವೇಳೆ ಅಗ್ಗಕ್ಕೆ ಕಾರಣವು ಆ ಉತ್ತರದಲ್ಲಿಯೇ ಇರುವುದು. ಹಾಗೆಂದು ಋತುವು ಮುಚ್ಚಳಿಕೆ ಬರೆದುಕೊಟ್ಟಿಲ್ಲ. ೨೦೨೪ರ ಏಪ್ರಿಲ್ ೧೬ರಂದು ಮರುಭೂಮಿಯ ದುಬೈಯೇ ನೀರಿನಲ್ಲಿ ನಿಂತಿತು. ಆದುದರಿಂದ ಹಿಂದಿರುಗುವ ದಿನಕ್ಕೂ ಮನೆಯ ಮುಖ್ಯಕಾರ್ಯಕ್ಕೂ ನಡುವೆ ನಾಲ್ಕು ದಿನ ತೆರವಿಡತಕ್ಕದ್ದು.

ಕಡೆಯ ಮಾತೊಂದು. ವೃದ್ಧರಾದ ತಾಯಿತಂದೆಗಳು ಜತೆಯಲ್ಲಿದ್ದರೆ ತಿಂಗಳನ್ನು ಅವರ ದೇಹಸ್ಥಿತಿಯೇ ನಿರ್ಣಯಿಸಲಿ. ಎಳೆಯರು ಝಳವನ್ನೂ ಮಳೆಯನ್ನೂ ನಕ್ಕು ಸಹಿಸಿಯಾರು, ಮುಂದಿನ ವರ್ಷ ಇನ್ನೊಮ್ಮೆ ಹೋದಾರು. ಹಿರಿಯರಿಗೆ ಅದೊಂದೇ ಯಾತ್ರೆಯಾಗಿರಬಹುದು.