ಬಟನ್ ಒತ್ತಿದರೆ ಸಾಕಾ? ಸ್ಕೂಬಾ ಜಾಕೆಟ್ ಕೊಳ್ಳುವ ಮುಂಚೆ ತಿಳಿಯಬೇಕಾದದ್ದು

ಶ್ರೀರಂಗಪಟ್ಟಣ ದಸರಾದ ಮೆರವಣಿಗೆ ಕಿರಂಗೂರಿನ ಬನ್ನಿಮಂಟಪದಿಂದ ಹೊರಡುವ ಹೊತ್ತಿಗೆ ಅತ್ತ ಕರಾವಳಿಯಲ್ಲಿ ಮಳೆಗಾಲ ಮುಗಿದು ಸಮುದ್ರ ತಿಳಿಯಾಗುತ್ತಿರುತ್ತದೆ. ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಸ್ಕೂಬಾ ಡೈವಿಂಗ್ ದೋಣಿಗಳು ಮತ್ತೆ ಹೊರಡುವುದೂ ಹೆಚ್ಚುಕಡಿಮೆ ಆಗಲೇ. 2022ರಲ್ಲಿ ತೆರೆಕಂಡ ಪುನೀತ್ ರಾಜ್‌ಕುಮಾರ್ ಅವರ 'ಗಂಧದ ಗುಡಿ' ನೋಡಿದವರಿಗೆ ನೇತ್ರಾಣಿಯ ಪರಿಚಯ ಬೇಕಾಗಿಲ್ಲ. ಕಾವೇರಿಯಲ್ಲಿ ಈಜಿ ಬೆಳೆದ ನಮ್ಮ ಕಡೆಯ ಹುಡುಗರಿಗೆ ಒಮ್ಮೆ ಸಮುದ್ರದ ಒಳಗೂ ಇಳಿದು ನೋಡೋಣ ಎನ್ನಿಸಿದರೆ ಅದು ಸಹಜವೇ.

ಆಸೆಯ ಹಿಂದೆಯೇ ಫಾರ್ವರ್ಡ್‌ಗಳೂ ಬರುತ್ತವೆ. ನೇತ್ರಾಣಿಗೆ ಹೊರಟಿದ್ದ ಕಿರಂಗೂರಿನ ಗೆಳೆಯರ ಗುಂಪಿನಿಂದ ನಮಗೆ ಬಂದ ಒಂದು ಸಂದೇಶದ ಸಾರ ಇಷ್ಟು: ಸ್ಕೂಬಾ ಜಾಕೆಟ್ ಹಾಕಿಕೊಂಡವರು ಮುಳುಗುವುದೇ ಇಲ್ಲ, ಈಜು ಬರದಿದ್ದರೂ ಚಿಂತೆಯಿಲ್ಲ, ಎಷ್ಟೇ ಆಳದಲ್ಲಿದ್ದರೂ ಬಟನ್ ಒತ್ತಿದರೆ ಮೇಲೆ ಬರಬಹುದು, ಆದ್ದರಿಂದ ಸಿಗುವುದರಲ್ಲೇ ದೊಡ್ಡದನ್ನು ಕೊಳ್ಳಿ. ಜೊತೆಗೆ ಆನ್‌ಲೈನ್‌ನಲ್ಲಿ ಹಳೆಯ ಜಾಕೆಟ್ ಮಾರುವವರ ಲಿಂಕ್ ಒಂದು. 'ತಗೊಂಡ್ರೆ ಬಲಮುರಿಗೂ ಆಯ್ತದೆ' ಎಂದು ಗುಂಪಿನಲ್ಲೊಬ್ಬರು ಉತ್ತರಿಸಿದ್ದರು. ಈ ಲೇಖನ ಬರೆಯಲು ನಿಜವಾದ ಕಾರಣ ಆ ಉತ್ತರ.

ಮೊದಲು ಆ ಜಾಕೆಟ್ ಏನು ಅಂತ ನೋಡೋಣ. ಇದರ ಹೆಸರು ಬಾಯನ್ಸಿ ಕಾಂಪೆನ್ಸೇಟರ್. ದೋಣಿಯಲ್ಲಿ ಎಲ್ಲರೂ ಕರೆಯುವುದು 'ಬಿಸಿಡಿ' ಎಂದು. ಬೆನ್ನಿಗೆ ಸಿಲಿಂಡರ್ ಕಟ್ಟಿಕೊಳ್ಳಲು ಒಂದು ಪಟ್ಟಿ, ಗಾಳಿ ತುಂಬಲು ಒಂದು ಚೀಲ, ಚೀಲಕ್ಕೆ ಗಾಳಿ ಬಿಡುವ ಒಂದು ಬಟನ್, ಚೀಲದಿಂದ ಗಾಳಿ ತೆಗೆಯುವ ಇನ್ನೊಂದು ಬಟನ್. ಮುಖ್ಯವಾದದ್ದು ಇಷ್ಟೇ. (ಸಿಲಿಂಡರಿನಲ್ಲಿ ಇರುವುದು ಆಕ್ಸಿಜನ್ ಅಲ್ಲ, ನಾವು ಉಸಿರಾಡುವ ಮಾಮೂಲು ಗಾಳಿಯನ್ನೇ ಒತ್ತಿ ತುಂಬಿರುತ್ತಾರೆ. ಈ ತಪ್ಪು ಮಾಹಿತಿಗೂ ಒಂದು ಫಾರ್ವರ್ಡ್ ಇದೆ, ಅದು ಬೇರೆ ಕತೆ.) ಫ್ರಾನ್ಸಿನ ಮೊರಿಸ್ ಫೆಂಝಿ 1961ರ ಹೊತ್ತಿಗೆ ಇಂಥದೊಂದು ಸಾಧನ ತಂದಾಗ ಅದನ್ನು ಕುತ್ತಿಗೆಗೆ ನೇತುಹಾಕಿಕೊಳ್ಳಬೇಕಿತ್ತು. ಮೈಗೆ ತೊಡುವ ಜಾಕೆಟ್ ರೂಪ ಬಂದದ್ದು ಆಮೇಲೆ. ನೋಡಲು ಲೈಫ್ ಜಾಕೆಟ್ ಥರ ಇರುವುದರಿಂದಲೇ ಗೊಂದಲ.

ನಮ್ಮ ಹಳ್ಳಿಗಳಲ್ಲಿ ಈಜು ಕಲಿಯುವ ಮಕ್ಕಳ ಬೆನ್ನಿಗೆ ಸೋರೆಬುರುಡೆ ಕಟ್ಟುತ್ತಿದ್ದರು. ಈಗ ಖಾಲಿ ಕ್ಯಾನು ಅಥವಾ ಟ್ಯೂಬು. ಸೋರೆಬುರುಡೆಯ ಕೆಲಸ ಒಂದೇ, ಮಗುವನ್ನು ಮೇಲೆ ಇಡುವುದು. ಲೈಫ್ ಜಾಕೆಟ್ಟೂ ಅಷ್ಟೇ. ಒಳಗೆ ಫೋಮ್ ತುಂಬಿರುತ್ತದೆ, ಯಾರೂ ಏನೂ ಒತ್ತಬೇಕಾಗಿಲ್ಲ. ಒಳ್ಳೆಯ ಲೈಫ್ ಜಾಕೆಟ್ ಪ್ರಜ್ಞೆ ತಪ್ಪಿದವರ ಮುಖವನ್ನೂ ಆಕಾಶದ ಕಡೆಗೆ ತಿರುಗಿಸುವಂತೆ ಮಾಡಿರುತ್ತಾರೆ. ಬಿಸಿಡಿಯ ಕೆಲಸ ಇದಲ್ಲ. ಅದು ನಿಮ್ಮನ್ನು ಮೇಲೆಯೂ ಬರದಂತೆ, ಕೆಳಗೂ ಹೋಗದಂತೆ ನಡುನೀರಿನಲ್ಲಿ ನಿಲ್ಲಿಸಬೇಕು. ಸೋರೆಬುರುಡೆಗಿಂತ ತಕ್ಕಡಿಗೆ ಹತ್ತಿರದ ವಸ್ತು ಅದು. ಗಾಳಿ ತುಂಬದಿದ್ದರೆ ಬರೀ ಬಟ್ಟೆ. ಸಿಲಿಂಡರ್ ಇಲ್ಲದಿದ್ದರೆ ಬಟನ್ ಎಷ್ಟು ಒತ್ತಿದರೂ ಗಾಳಿ ಬರುವುದಿಲ್ಲ. ಕೊಳವೆಗೆ ಬಾಯಿ ಇಟ್ಟು ಊದಬೇಕು. ಬಲಮುರಿಯ ಸೆಳವಿನಲ್ಲಿ ಕಾಲು ಜಾರಿದವರಿಗೆ ಊದುತ್ತಾ ಕೂರಲು ಪುರುಸೊತ್ತು ಎಲ್ಲಿರುತ್ತದೆ? ಮೊದಲೇ ಊದಿಟ್ಟುಕೊಂಡರೂ, ಬೆನ್ನಿನ ಕಡೆಗಷ್ಟೇ ಚೀಲವಿರುವ ಮಾದರಿ ಮುಖವನ್ನು ನೀರಿನ ಕಡೆಗೆ ಬಗ್ಗಿಸುತ್ತದೆ. ನದಿಗೆ ಲೈಫ್ ಜಾಕೆಟ್ಟೇ ಬೇಕು.

ಇನ್ನು ಸಮುದ್ರದ ಲೆಕ್ಕಕ್ಕೆ ಬರೋಣ. ಒಂಬತ್ತನೇ ತರಗತಿಯಲ್ಲಿ ಓದಿದ ಆರ್ಕಿಮಿಡಿಸ್ ಇಲ್ಲಿ ಸಾಕು. ಒಂದು ಲೀಟರ್ ಗಾಳಿ ಚೀಲ ನೀರಿನೊಳಗೆ ಇದ್ದರೆ ಅದು ಹೆಚ್ಚುಕಡಿಮೆ ಒಂದು ಕಿಲೋದಷ್ಟು ಮೇಲಕ್ಕೆ ತಳ್ಳುತ್ತದೆ. ಮನೆಗೆ ನೀರು ತರುವ 20 ಲೀಟರ್ ಕ್ಯಾನನ್ನು ಖಾಲಿ ಮಾಡಿ, ಮುಚ್ಚಳ ಹಾಕಿ ತೊಟ್ಟಿಯಲ್ಲಿ ಅದುಮಿ ನೋಡಿ, ಎಷ್ಟು ತಳ್ಳುತ್ತದೆ ಎಂದು ತಿಳಿಯುತ್ತದೆ. ಫಾರ್ವರ್ಡ್ ಹೇಳುವ 'ದೊಡ್ಡ' ಜಾಕೆಟ್ ಎಂದರೆ ಅಂಥ ಕ್ಯಾನನ್ನು ಬೆನ್ನಿಗೆ ಕಟ್ಟಿಕೊಂಡ ಹಾಗೆ.

ಅಷ್ಟು ಬೇಕಾ? ಲೆಕ್ಕ ಹಾಕಿ. ನೇತ್ರಾಣಿ, ಅಂಡಮಾನ್, ಲಕ್ಷದ್ವೀಪದಂಥ ಕಡೆ ನೀರು ಬೆಚ್ಚಗಿರುತ್ತದೆ, ಸಾಮಾನ್ಯವಾಗಿ 27 ಡಿಗ್ರಿ ಸೆಲ್ಸಿಯಸ್‌ನಿಂದ ಮೇಲೆ. ಅಲ್ಲಿ 3 ಮಿಲಿಮೀಟರ್ ದಪ್ಪದ ರಬ್ಬರ್ ಉಡುಪು ಸಾಕು. ಈ ಉಡುಪಿನಲ್ಲಿರುವ ಸಣ್ಣ ಗುಳ್ಳೆಗಳು ಮೇಲೆ ಇದ್ದಾಗ ಸುಮಾರು 2 ಕಿಲೋದಷ್ಟು ತೇಲಿಸುತ್ತವೆ, ಆಳಕ್ಕೆ ಹೋದ ಹಾಗೆ ಒತ್ತಡಕ್ಕೆ ಸೊರಗಿ ಅರ್ಧಕ್ಕಿಂತ ಹೆಚ್ಚನ್ನು ಕಳೆದುಕೊಳ್ಳುತ್ತವೆ. ಪೂರ್ತಿ ಸೊರಗಿದರೂ ಹೋಗುವುದು 2 ಕಿಲೋ. ಇನ್ನೊಂದು ಬದಲಾವಣೆ ಸಿಲಿಂಡರಿನದು. ಪ್ರವಾಸಿ ತಾಣಗಳಲ್ಲಿ ಹೆಚ್ಚಾಗಿ ಕೊಡುವ 11 ಲೀಟರ್ ಅಲ್ಯೂಮಿನಿಯಂ ಸಿಲಿಂಡರಿನಲ್ಲಿ 200 ಬಾರ್ ಒತ್ತಡಕ್ಕೆ ತುಂಬಿದ ಗಾಳಿಯ ತೂಕವೇ ಸುಮಾರು ಎರಡೂವರೆ ಕಿಲೋ. ಗಾಳಿಗೂ ತೂಕ ಇದೆಯಾ ಎಂದು ನಗಬೇಡಿ, ಇದೆ. ಉಸಿರಾಡಿ ಮುಗಿಸುತ್ತಾ ಬಂದ ಹಾಗೆ ಸಿಲಿಂಡರ್ ಹಗುರಾಗಿ ನಿಮ್ಮನ್ನು ಮೇಲಕ್ಕೆ ಎಳೆಯುತ್ತದೆ. ಹಾಗಾಗಿ ಶುರುವಿನಲ್ಲಿ ಅಷ್ಟು ಹೆಚ್ಚುವರಿ ತೂಕ ಹೊತ್ತೇ ಇಳಿಯಬೇಕು.

ಎರಡನ್ನೂ ಕೂಡಿದರೆ ನಾಲ್ಕೂವರೆ, ಐದು ಕಿಲೋ. ಜಾಕೆಟ್ ನೀರೊಳಗೆ ಸರಿದೂಗಿಸಬೇಕಾದದ್ದು ಇಷ್ಟನ್ನೇ. ಡೈವ್ ಮುಗಿದು ದೋಣಿಗೆ ಕಾಯುವಾಗ ತಲೆ ನೀರಿನಿಂದ ಮೇಲಿರಲಿ ಎಂದು ಇನ್ನಷ್ಟು ಸೇರಿಸಿದರೂ 12ರಿಂದ 15 ಕಿಲೋ ಎತ್ತುವ ಚೀಲ ಬೆಚ್ಚಗಿನ ನೀರಿಗೆ ಧಾರಾಳವಾಯಿತು. ದಪ್ಪ ಉಡುಪು, ಎರಡು ಸಿಲಿಂಡರ್ ಹೊತ್ತು ತಣ್ಣನೆಯ ದೇಶಗಳ ನೀರಿಗೆ ಇಳಿಯುವವರಿಗೆ ದೊಡ್ಡದು ಬೇಕು. ಅದನ್ನು ನೇತ್ರಾಣಿಗೆ ತಂದರೆ ನೀರಿನಲ್ಲಿ ಅಡ್ಡಿ, ಬ್ಯಾಗಿನಲ್ಲಿ ಹೊರೆ.

ಅಪಾಯ ಎಲ್ಲಿದೆ? ಚೀಲ ದೊಡ್ಡದಿದೆ ಎಂಬ ಒಂದೇ ಕಾರಣಕ್ಕೆ ಯಾರಿಗೂ ಏನೂ ಆಗುವುದಿಲ್ಲ. ದೊಡ್ಡ ಚೀಲವಿದೆ ಎಂಬ ಧೈರ್ಯಕ್ಕೆ ಸೊಂಟಕ್ಕೆ ಹೆಚ್ಚು ಸೀಸದ ತೂಕ ಕಟ್ಟಿ, ಆಮೇಲೆ ಅದನ್ನು ಸರಿದೂಗಿಸಲು ಹೆಚ್ಚು ಗಾಳಿ ತುಂಬುತ್ತಾರಲ್ಲ, ತೊಂದರೆ ಅಲ್ಲಿದೆ. 10 ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ಎರಡು ಪಟ್ಟು. 5 ಮೀಟರಿನಲ್ಲಿ ಒಂದೂವರೆ ಪಟ್ಟು. ನಿಮ್ಮ ಚೀಲದಲ್ಲಿ 10 ಮೀಟರ್ ಆಳದಲ್ಲಿ 1 ಲೀಟರ್ ಗಾಳಿ ಇದೆ ಅಂದುಕೊಳ್ಳಿ. 5 ಮೀಟರಿಗೆ ಬರುವಷ್ಟರಲ್ಲಿ ಅದು ಹಿಗ್ಗಿ ಸುಮಾರು 1.3 ಲೀಟರ್ ಆಗುತ್ತದೆ. ಹೆಚ್ಚಾದದ್ದು ಮುನ್ನೂರು ಗ್ರಾಂ ಚಿಲ್ಲರೆ, ನಿಧಾನವಾಗಿ ಒಂದು ಉಸಿರು ಬಿಟ್ಟರೆ ಸರಿಹೋಗುತ್ತದೆ. ಅದೇ 6 ಲೀಟರ್ ಗಾಳಿ ಇದ್ದರೆ 8 ಲೀಟರ್ ಆಗುತ್ತದೆ. ಎರಡು ಕಿಲೋ ಬಲ ತಾನಾಗಿಯೇ ಮೇಲಕ್ಕೆ ಎಳೆಯಲು ಶುರುಮಾಡುತ್ತದೆ. ಮೇಲೆ ಹೋದಷ್ಟೂ ಹಿಗ್ಗುತ್ತದೆ, ಹಿಗ್ಗಿದಷ್ಟೂ ಮೇಲೆ ಎಳೆಯುತ್ತದೆ. ಇಳಿಜಾರಿನಲ್ಲಿ ಬ್ರೇಕ್ ಇಲ್ಲದ ಸೈಕಲ್ಲಿನ ಕತೆಯೇ, ದಿಕ್ಕು ಮಾತ್ರ ಉಲ್ಟಾ.

'ಮೇಲೆ ಬಂದರೆ ಒಳ್ಳೆಯದೇ ಅಲ್ಲವಾ' ಎನ್ನಿಸಬಹುದು. ಚೀಲದಲ್ಲಿ ಹಿಗ್ಗುವ ಗಾಳಿ ಎದೆಯಲ್ಲೂ ಹಿಗ್ಗುತ್ತದೆ. ಗಾಬರಿಯಲ್ಲಿ ಉಸಿರು ಬಿಗಿಹಿಡಿದು ಮೇಲೆ ಚಿಮ್ಮಿದವರ ಶ್ವಾಸಕೋಶ ಹರಿಯಬಹುದು, ಗಾಳಿಯ ಗುಳ್ಳೆ ರಕ್ತಕ್ಕೆ ಸೇರಿ ಮಿದುಳಿನವರೆಗೂ ಹೋಗಬಹುದು. ಇದಕ್ಕೆ ತುಂಬಾ ಆಳವೂ ಬೇಕಿಲ್ಲ, ಒಂದೆರಡು ಆಳು ಆಳದ ನೀರು ಸಾಕು. ಬಾವಿಗೆ ಧುಮುಕಿ ಉಸಿರು ಬಿಗಿಹಿಡಿದು ತಳ ಮುಟ್ಟಿ ಬರುವ ನಮ್ಮ ಹುಡುಗರಿಗೆ ಏನೂ ಆಗುವುದಿಲ್ಲ ನಿಜ. ಅವರು ಮೇಲಿನಿಂದ ತುಂಬಿಕೊಂಡು ಹೋದ ಗಾಳಿ ವಾಪಸ್ ಬಂದಾಗ ಮೊದಲಿನಷ್ಟೇ ಆಗಿರುತ್ತದೆ. ಸ್ಕೂಬಾದಲ್ಲಿ ಆಳದಲ್ಲೇ ಒತ್ತಡದ ಗಾಳಿ ಎಳೆದುಕೊಂಡಿರುತ್ತೀರಿ. ಈಜು ಚೆನ್ನಾಗಿ ಬಲ್ಲವರೇ ಈ ವ್ಯತ್ಯಾಸ ಮರೆಯುವುದು ಹೆಚ್ಚು. ಅದಕ್ಕೇ ನೀರೊಳಗೆ ಉಸಿರು ನಿಲ್ಲಿಸಬೇಡಿ ಎಂಬ ಪಾಠ ಮೊದಲು. ನಿಮಿಷಕ್ಕೆ 9 ಮೀಟರಿಗಿಂತ ಬೇಗ ಏರದೆ, ರೆಕ್ಕೆಚಪ್ಪಲಿ ಆಡಿಸುತ್ತಾ, ಚೀಲದ ಗಾಳಿ ಬಿಡುತ್ತಾ ಬರಬೇಕು ಎಂಬುದು ಆಮೇಲೆ. ಮೇಲೆ ಬರುವಾಗ ಹೆಚ್ಚಾಗಿ ಒತ್ತಬೇಕಾದದ್ದು ಗಾಳಿ ತುಂಬುವ ಬಟನ್ ಅಲ್ಲ, ಗಾಳಿ ತೆಗೆಯುವ ಬಟನ್. ಫಾರ್ವರ್ಡ್ ಸರಿಯಾಗಿ ತಲೆಕೆಳಗು ಮಾಡಿರುವುದು ಇದನ್ನೇ.

ನದಿಯವರಿಗೆ ಇನ್ನೊಂದು ಸಂಗತಿ. ಉಪ್ಪು ನೀರು ಸಿಹಿ ನೀರಿಗಿಂತ ಶೇಕಡಾ ಎರಡೂವರೆಯಷ್ಟು ಸಾಂದ್ರ. ಸಾಮಾನು ಸಮೇತ 90 ಕಿಲೋ ಇರುವವರಿಗೆ ಸಮುದ್ರದಲ್ಲಿ ಎರಡು ಕಿಲೋಗಿಂತ ಸ್ವಲ್ಪ ಹೆಚ್ಚು ಸೀಸ ಬೇಕಾಗುತ್ತದೆ. ಈಜುಕೊಳದಲ್ಲಿ ಸರಿಯಾಗಿದ್ದ ತೂಕ ಸಮುದ್ರದಲ್ಲಿ ಸಾಲದು ಎಂದರೆ ಜಾಕೆಟ್ ಕೆಟ್ಟಿದೆ ಎಂದಲ್ಲ.

ಇಷ್ಟೂ ಓದಿ, ಸರಿಯಾಗಿ ತರಬೇತಿ ಪಡೆದು, ಆಮೇಲೂ ಸ್ವಂತದ್ದು ಬೇಕು ಎನ್ನುವವರಿಗೆ ಆಯ್ಕೆಯ ಮಾತು. ಮೊದಲನೆಯದು ಅಳತೆ, ಬ್ರ್ಯಾಂಡು, ಬಣ್ಣ ಎಲ್ಲ ಅದರ ನಂತರ. ರಬ್ಬರ್ ಉಡುಪು ತೊಟ್ಟೇ ಹಾಕಿ ನೋಡಿ. ಪೂರ್ತಿ ಗಾಳಿ ತುಂಬಿದಾಗಲೂ ಎದೆ ಬಿಗಿಯಬಾರದು, ಖಾಲಿ ಇದ್ದಾಗ ಯಾರಾದರೂ ಭುಜದ ಪಟ್ಟಿ ಹಿಡಿದು ಎತ್ತಿದರೆ ಕಿವಿಯವರೆಗೆ ಜರುಗಬಾರದು. ಸಡಿಲ ಜಾಕೆಟ್ಟಿನಲ್ಲಿ ಸಿಲಿಂಡರ್ ಬೆನ್ನ ಮೇಲೆ ಆ ಕಡೆ ಈ ಕಡೆ ಹೊರಳುತ್ತದೆ. ಮಾದರಿಗಳಲ್ಲಿ ಎರಡು ಮುಖ್ಯ: ಸೊಂಟದ ಸುತ್ತ ಗಾಳಿ ತುಂಬುವ ಜಾಕೆಟ್, ಬೆನ್ನಿನಲ್ಲಿ ಮಾತ್ರ ತುಂಬುವ ರೆಕ್ಕೆ ಮಾದರಿ. ಮೊದಲನೆಯದು ನೀರಿನ ಮೇಲೆ ನೆಟ್ಟಗೆ ತೇಲಿಸುತ್ತದೆ, ಹೊಸಬರಿಗೆ ಹಿತ. ಎರಡನೆಯದು ನೀರೊಳಗೆ ಮಲಗಿದ ಭಂಗಿಯಲ್ಲಿ ಚೆನ್ನಾಗಿ ನಿಲ್ಲಿಸುತ್ತದೆ, ಮಡಚಲೂ ಸುಲಭ, ಮೇಲೆ ಬಂದಾಗ ಮಾತ್ರ ಸ್ವಲ್ಪ ಹಿಂದಕ್ಕೆ ಒರಗುವುದನ್ನು ಕಲಿಯಬೇಕು. ಪ್ರವಾಸಕ್ಕೆ ನಾವು ಎರಡನೆಯದನ್ನೇ ಹೇಳುತ್ತೇವೆ, ಹತ್ತಿಪ್ಪತ್ತು ಡೈವ್ ಆದ ಮೇಲೆ.

ತೂಕದ ವಿಷಯಕ್ಕೆ ಅಂಗಡಿಯವರು ಕೊಡುವಷ್ಟು ಮಹತ್ವ ಎಲ್ಲರಿಗೂ ಬೇಕಾಗಿಲ್ಲ. 'ಟ್ರಾವೆಲ್' ಎಂದು ಮಾರುವ ಬಿಸಿಡಿಗಳು ಎರಡು, ಎರಡೂವರೆ ಕಿಲೋ ಆಸುಪಾಸು, ಮಾಮೂಲಿನವು ಮೂರೂವರೆ ನಾಲ್ಕು ಕಿಲೋ. 15 ಕಿಲೋ ಲಗೇಜಿನ ಮಿತಿಯಲ್ಲಿ ಅಂಡಮಾನಿಗೆ ವಿಮಾನ ಹತ್ತುವವರಿಗೆ ಈ ಉಳಿತಾಯ ದೊಡ್ಡದು. ಮುರುಡೇಶ್ವರಕ್ಕೆ ರೈಲಿನಲ್ಲೋ ಬಾಡಿಗೆ ಟಿಟಿಯಲ್ಲೋ ಹೋಗುವ ಕಿರಂಗೂರಿನವರಿಗೆ ಅದಕ್ಕಾಗಿ ಹೆಚ್ಚು ದುಡ್ಡು ಕೊಡುವ ಅರ್ಥ ನಮಗಂತೂ ಕಾಣುವುದಿಲ್ಲ. ಹಗುರ ಜಾಕೆಟ್ಟಿಗೆ ಜೇಬು ಕಡಿಮೆ, ಬಟ್ಟೆಯೂ ತೆಳು. ಬೇಗ ಒಣಗುತ್ತದೆ ಎಂಬುದು ಮಾತ್ರ ನಿಜವಾದ ಲಾಭ, ಒದ್ದೆ ಬಿಸಿಡಿ ಒಂದೆರಡು ಕಿಲೋ ನೀರು ಹೊತ್ತು ಮನೆಗೆ ಬರುತ್ತದೆ.

ಹಳೆಯದನ್ನು ಕೊಳ್ಳುವಾಗ ಬಹಳ ಹುಷಾರು. ಚೀಲಕ್ಕೆ ಗಾಳಿ ತುಂಬಿ ರಾತ್ರಿಯಿಡೀ ಬಿಡಿ, ಬೆಳಿಗ್ಗೆ ಸೊರಗಿದ್ದರೆ ಬೇಡ. ಗಾಳಿ ತುಂಬುವ ಬಟನ್ ಒತ್ತಿದ ಕೂಡಲೇ ಟಕ್ಕನೆ ವಾಪಸ್ ಬರಬೇಕು. ಒಳಗೆ ಉಪ್ಪು ಕಟ್ಟಿ ಅದು ಸಿಕ್ಕಿಕೊಂಡರೆ ನೀರೊಳಗೆ ಚೀಲ ತಾನಾಗಿಯೇ ಉಬ್ಬುತ್ತಾ ಹೋಗುತ್ತದೆ. ಹಾಗಾದಾಗ ಗಾಳಿಯ ಸಣ್ಣ ಕೊಳವೆಯನ್ನು ಅಲ್ಲೇ ಕಳಚಬೇಕು ಎಂದು ತರಬೇತಿಯಲ್ಲಿ ಕಲಿಸುತ್ತಾರೆ. ಕಲಿಯದವರಿಗೆ ಕೊಳವೆ ಎಲ್ಲಿದೆ ಎಂದೇ ಗೊತ್ತಿರುವುದಿಲ್ಲ. ಚೀಲದ ಒಳಗೂ ಉಪ್ಪು ನೀರು ಸೇರುತ್ತದೆ. ಪ್ರತಿ ಪ್ರವಾಸ ಆದ ಮೇಲೆ ಒಳಕ್ಕೆ ಸಿಹಿ ನೀರು ಹಾಕಿ ಕುಲುಕಿ ಚೆಲ್ಲಿ, ಸ್ವಲ್ಪ ಗಾಳಿ ತುಂಬಿ ನೆರಳಿನಲ್ಲಿ ನೇತುಹಾಕಬೇಕು. ಮೇಲಿಂದ ತೊಳೆದು ಬಿಸಿಲಿಗೆ ಹಾಕಿದರೆ ತೊಳೆದ ಹಾಗಲ್ಲ.

ಆ ಕಿರಂಗೂರಿನ ಗೆಳೆಯರಿಗೆ ನಾವು ಹೇಳಿದ್ದು, ಏನೂ ಕೊಳ್ಳಬೇಡಿ ಎಂದು. ಮೊದಲ ಸಲ ಇಳಿಯುವವರಿಗೆ ನೇತ್ರಾಣಿಯಲ್ಲಿ ಜಾಕೆಟ್, ಸಿಲಿಂಡರ್ ಎಲ್ಲ ಪ್ಯಾಕೇಜಿನಲ್ಲೇ ಬರುತ್ತದೆ, ಬಟನ್‌ಗಳು ಜೊತೆಗಿರುವ ಬೋಧಕರ ಕೈಯಲ್ಲಿರುತ್ತವೆ. ಖರ್ಚು ಮಾಡಲೇಬೇಕು ಎನ್ನಿಸಿದರೆ ಮುಖಕ್ಕೆ ಸರಿಹೊಂದುವ ಮಾಸ್ಕ್ ಕೊಳ್ಳಿ, ಅದು ಕಾವೇರಿಯಲ್ಲೂ ಕೆಲಸಕ್ಕೆ ಬರುತ್ತದೆ. ದೋಣಿಯಲ್ಲಿ ಜಾಕೆಟ್ ತೊಡಿಸುವಾಗ ನಾಚಿಕೆ ಬಿಟ್ಟು ಕೇಳಿ: ಅಣ್ಣ, ಗಾಳಿ ತುಂಬುವುದು ಯಾವುದು, ಬಿಡುವುದು ಯಾವುದು? ಕೈಯಲ್ಲಿ ಮುಟ್ಟಿ ತೋರಿಸಲು ಹೇಳಿ. ಬಿಡುವಾಗ ಕೊಳವೆಯನ್ನು ತಲೆಗಿಂತ ಮೇಲೆ ಎತ್ತಬೇಕು ಎಂಬುದನ್ನೂ ಒಮ್ಮೆ ಮಾಡಿಸಿಕೊಳ್ಳಿ. ಗಾಳಿ ಮೇಲ್ಗಡೆಯಿಂದಲೇ ಹೊರಗೆ ಹೋಗುವುದು.