ಊಟ ಆಯ್ತಾ ಅಂತ ಕೇಳಿದರೆ ಸಾಲದು



ಬೇಸಿಗೆ ಬಂತೆಂದರೆ ನಮ್ಮ ಮಲೆನಾಡಿನ ಮನೆಗಳಲ್ಲಿ ಹೆಂಗಸರ ಕೈಗೆ ಬಿಡುವಿಲ್ಲ. ಹಲಸಿನ ಹಪ್ಪಳ, ಸಂಡಿಗೆ, ಮಿಡಿ ಉಪ್ಪಿನಕಾಯಿ ಎಲ್ಲ ಮಳೆಗಾಲಕ್ಕೆ ಮುಂಚೆ ಆಗಬೇಕು. ರಜೆಗೆ ಬಂದ ಹೆಣ್ಣುಮಕ್ಕಳು ಕೈಜೋಡಿಸಿದರೆ ಕೆಲಸ ಅಷ್ಟು ಹಗುರ. ಆದರೆ ಈ ಸಲ ನನ್ನ ಮಗಳು ಕುಪ್ಪಳ್ಳಿಗೆ ಬಾರದೆ ನೇರ ಬೆಂಗಳೂರಿಗೆ ಹೋದಳು. ಸಮಾಜಕಾರ್ಯ ಓದುವವರು ರಜೆಯಲ್ಲಿ ಕೆಲವು ವಾರ ಎಲ್ಲಾದರೂ ಕೆಲಸ ಕಲಿಯಬೇಕಂತೆ. ಅದಕ್ಕೆ ಇಂಟರ್ನ್‌ಶಿಪ್ ಅಂತಾರೆ. ಅವಳಿಗೆ ಸಿಕ್ಕಿದ್ದು ಒಂದು ಚರ್ಚಿನವರು ಇಲ್ಲದವರ ಮನೆಗೆ ದಿನಸಿ ಮುಟ್ಟಿಸುವ ಕೆಲಸ.

"ಚರ್ಚಿನಲ್ಲಿ ನಮ್ಮ ಹುಡುಗಿಗೆ ಎಂತ ಕೆಲಸ?" ಎಂದು ನಮ್ಮತ್ತೆ ಮುಖ ಗಂಟಿಕ್ಕಿದರು. ಮಗಳು ಫೋನಿನಲ್ಲೇ, "ಅಜ್ಜಿ, ಧರ್ಮಸ್ಥಳದಲ್ಲಿ ಊಟಕ್ಕೆ ಕೂತಾಗ ನೀನ್ಯಾರು ಅಂತ ಯಾರಾದ್ರೂ ಕೇಳ್ತಾರಾ? ಇಲ್ಲೂ ಹಾಗೇ" ಎಂದಳು. ಅತ್ತೆ ಸುಮ್ಮನಾದರು. ಎರಡು ದಿನ ಬಿಟ್ಟು ಒಂದು ಕಟ್ಟು ಹಪ್ಪಳ ತೆಗೆದಿಟ್ಟು, "ಬೆಂಗಳೂರಿಗೆ ಹೋಗುವವರು ಯಾರಾದ್ರೂ ಇದ್ರೆ ಕಳಿಸು" ಎಂದರು!

ಆ ಕೆಲಸ ನಡೆಸುವುದು ಸಂತ ವಿನ್ಸೆಂಟ್ ದಿ ಪಾವ್ಲ್ ಸಭೆ. ಇದರ ಹುಟ್ಟಿನ ಕಥೆ ಚೆನ್ನಾಗಿದೆ, ಕೇಳಿ. 1833ರಲ್ಲಿ ಪ್ಯಾರಿಸ್ಸಿನಲ್ಲಿ ಫ್ರೆಡ್ರಿಕ್ ಓಜನಾಮ್ ಎಂಬ 20 ವರ್ಷದ ವಿದ್ಯಾರ್ಥಿ ತನ್ನ ಗೆಳೆಯರೊಡನೆ ಇದನ್ನು ಶುರುಮಾಡಿದ. ಬಡವರ ಕೇರಿಗಳನ್ನು ಬಲ್ಲ ರೋಸಲಿ ರೆಂಡು ಎಂಬ ಸಂನ್ಯಾಸಿನಿ ಈ ಹುಡುಗರಿಗೆ ಯಾವ ಮನೆಗೆ ಹೋಗಬೇಕು, ಹೋಗಿ ಹೇಗೆ ಮಾತಾಡಬೇಕು ಎಂದು ಕಲಿಸಿದಳು. ಅವರು ಮೊದಮೊದಲು ಒಯ್ದು ಕೊಟ್ಟದ್ದು ಸೌದೆ ಎಂದು ಹೇಳುತ್ತಾರೆ. ನೋಡಿ, ಒಲೆ ಉರಿಯದೆ ಅಕ್ಕಿ ಅನ್ನವಾಗುವುದಿಲ್ಲ ಎಂಬುದು ಆ ಗಂಡುಹುಡುಗರಿಗೂ ಹೊಳೆದಿತ್ತು! ಇಂದಿಗೂ ಈ ಸಭೆಯ ರೂಢಿ ಅದೇ. ಇಬ್ಬಿಬ್ಬರಾಗಿ ಮನೆಗೇ ಹೋಗಬೇಕು, ಕೂತು ಕಷ್ಟಸುಖ ಕೇಳಬೇಕು, ಬಡವರ ಜಾತಿಮತ ನೋಡಬಾರದು.

ಮನೆಗೇ ಏಕೆ ಹೋಗಬೇಕು, ಸಾಲು ನಿಲ್ಲಿಸಿ ಹಂಚಿದರಾಗದೇ ಎಂದು ನಾನು ಕೇಳಿದೆ. ಬೆಂಗಳೂರಿನಲ್ಲಿ 2017ರ ಆಗಸ್ಟ್‌ನಲ್ಲಿ ಇಂದಿರಾ ಕ್ಯಾಂಟೀನ್ ಶುರುವಾದಾಗ 5 ರೂಪಾಯಿಗೆ ತಿಂಡಿ, 10 ರೂಪಾಯಿಗೆ ಊಟ ಕೊಟ್ಟರು. ದುಡಿಯುವ ಎಷ್ಟೋ ಜನರ ಹೊಟ್ಟೆ ಅದರಿಂದ ತಂಪಾಯಿತು. 2013ರಲ್ಲಿ ಅನ್ನಭಾಗ್ಯದ ಅಕ್ಕಿಯೂ ಬಂತು. ಹಾಗಿದ್ದೂ ಹಸಿದವರು ಯಾರು?

ಮಗಳು ಹೇಳಿದ ಮೂರು ಮನೆಗಳ ಸಂಗತಿ ಕೇಳಿ. ಒಂದರಲ್ಲಿ ಹಾಸಿಗೆ ಹಿಡಿದ ಅತ್ತೆ. ಸೊಸೆ ಅವರನ್ನು ಬಿಟ್ಟು ಕ್ಯಾಂಟೀನಿಗೆ ಹೋಗುವ ಹಾಗಿಲ್ಲ. ಇನ್ನೊಂದು ಮನೆಯವರು ಬಯಲುಸೀಮೆಯಿಂದ ಕೂಲಿಗೆ ಬಂದವರು. ರೇಷನ್ ಕಾರ್ಡು ಊರಿನಲ್ಲಿದೆ, ಅಕ್ಕಿ ಅಲ್ಲಿರುವ ಮುದುಕರಿಗೆ ಸಲ್ಲುತ್ತದೆ. ಮೂರನೆಯ ಮನೆಯಲ್ಲಿ ಡಬ್ಬಿ ತುಂಬ ಅಕ್ಕಿ, ಆದರೆ ಗ್ಯಾಸ್ ಮುಗಿದು ಹತ್ತು ದಿನವಾಗಿತ್ತು. ಬೇಳೆ, ಎಣ್ಣೆ ಮೊದಲೇ ಇಲ್ಲ. "ಊಟ ಆಯ್ತಾ ಅಕ್ಕ?" ಅಂದರೆ ಮೂವರೂ ಹೇಳಿದ್ದು ಒಂದೇ ಮಾತು, "ಆಯ್ತಮ್ಮ!"

ಮಾನಸ್ಥರ ಹಸಿವು ಹೀಗೆಯೇ ಅಲ್ಲವೇ? ಬಾಗಿಲಲ್ಲಿ ನಿಂತು ಕೇಳಿದರೆ ಕಾಣದು. ಒಲೆಯ ಬಳಿ ಹೋಗಿ ಕೂತವರಿಗೆ ಮಾತ್ರ ಕಾಣುತ್ತದೆ.

ಮಗಳು ಇನ್ನೊಂದು ಮಾತು ಹೇಳಿದಳು. "ಅಮ್ಮ, ಎಲ್ಲಿ ಹೋದ್ರೂ ಗಂಡ, ಮಕ್ಕಳು, ಅತ್ತೆ ಉಂಡಿರ್ತಾರೆ. ಉಣ್ಣದೆ ಇರೋಳು ಅಡುಗೆ ಮಾಡಿದೋಳೇ." ಇದು ಬೆಂಗಳೂರಿನ ಕೇರಿಯ ಮಾತು ಮಾತ್ರವೇ? ಕೊನೆಗೆ ಉಳಿದ ತಳದ ಅನ್ನಕ್ಕೆ ಮಜ್ಜಿಗೆ ಹಾಕಿಕೊಂಡು ಉಣ್ಣುವುದು ಉಳ್ಳವರ ಮನೆಯಲ್ಲೂ ಇದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ 100ಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ. ಇವರೆಲ್ಲ ಬಡವರೇ ಆಗಿರಲಾರರು.

ಕೊಡುವವರಿಗೆ ಮಗಳಿಂದ ನಾನು ಕಲಿತ ಕೆಲವು ಸೂಚನೆಗಳು ಇಲ್ಲಿವೆ. ಚರ್ಚು, ದೇವಸ್ಥಾನ, ಮಹಿಳಾ ಸಮಾಜ ಎಲ್ಲಿಗಾದರೂ ಸಲ್ಲುತ್ತವೆ.

1. ಅಕ್ಕಿಯೊಂದನ್ನೇ ಕೊಡಬೇಡಿ. ಬೇಳೆ, ಎಣ್ಣೆ, ಉಪ್ಪು, ಬೆಲ್ಲ, ಒಂದಿಷ್ಟು ಹುರುಳಿ ಅಥವಾ ಕಡಲೆಯೂ ಇರಲಿ. ಒಲೆಗೆ ಏನಿದೆ ಎಂದು ಮೊದಲು ವಿಚಾರಿಸಿ.

2. ಆ ಮನೆಯವಳು ಏನು ಅಡುಗೆ ಮಾಡುತ್ತಾಳೆ ಎಂದು ಕೇಳಿ ಕೊಡಿ. ರಾಗಿ ಉಣ್ಣುವವರಿಗೆ ರಾಗಿಯೇ ಹಿತ. ಹುಳ ಬಿದ್ದದ್ದು, ನಮಗೆ ಬೇಡವಾದದ್ದು ದಾನವಲ್ಲ.

3. ಕೊಡುವಾಗ ಫೋಟೋ ತೆಗೆಯಬೇಡಿ. ಆ ಮನೆಯ ಮಕ್ಕಳೂ ನಾಳೆ ಶಾಲೆಗೆ ಹೋಗಬೇಕಲ್ಲ!

4. ಕೈಯಲ್ಲಿ ದುಡ್ಡಿಲ್ಲ ಎನ್ನುವವರು ಹಿಡಿ ಅಕ್ಕಿ ತೆಗೆದಿಡಿ. ಮಿಜೋರಾಮಿನ ಚರ್ಚುಗಳ ಹೆಂಗಸರು 1910ರಿಂದ ಅಡುಗೆಗೆ ಅಕ್ಕಿ ಅಳೆಯುವಾಗಲೆಲ್ಲ ಒಂದು ಹಿಡಿ ಬೇರೆ ಇಡುತ್ತಾ ಬಂದಿದ್ದಾರೆ. ಅದನ್ನು ಮಾರಿ ಬಂದ ಹಣದಿಂದ ಚರ್ಚಿನ ಎಷ್ಟೋ ಕೆಲಸ ನಡೆದಿದೆ. ನಮ್ಮಲ್ಲೂ ಮುಷ್ಟಿ ಅಕ್ಕಿ ಹೊಸದಲ್ಲ. ಹಿಡಿಗೆ 50 ಗ್ರಾಂ ಎಂದರೂ ದಿನಕ್ಕೆ ಎರಡು ಸಲ, ತಿಂಗಳಿಗೆ 3 ಕಿಲೋ ಆಯಿತು. ಹತ್ತು ಮನೆಯವರು ಸೇರಿದರೆ 30 ಕಿಲೋ. ಯಜಮಾನರ ಜೇಬಿಗೆ ಕೈ ಹಾಕಬೇಕಾಗಿಲ್ಲ.

5. ಇದು ನಿಮಗೆ. ಬಡಿಸಿ ಮುಗಿಯುವವರೆಗೆ ಕಾಯದೆ ಪಾತ್ರೆಗಳನ್ನೆಲ್ಲ ನಡುವೆ ಇಟ್ಟು, ಮನೆಯವರ ಜೊತೆಗೇ ಕೂತು ಉಣ್ಣಿ. ನುಗ್ಗೆಸೊಪ್ಪಿನ ಪಲ್ಯ, ಹುರುಳಿ ಸಾರು ವಾರಕ್ಕೆರಡು ಸಲ ಇರಲಿ, ಮೇಲೆ ಲಿಂಬೆ ಹಿಂಡಿ. ಊಟವಾದ ಕೂಡಲೇ ಕಾಫಿ, ಟೀ ಕುಡಿಯಬೇಡಿ. ಉಂಡ ಕಬ್ಬಿಣದಂಶ ಸರಿಯಾಗಿ ಮೈಗೆ ಹತ್ತುವುದಿಲ್ಲ. ತೀರ ಸುಸ್ತು, ತಲೆಸುತ್ತು ಇದ್ದರೆ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿ.

ನಮ್ಮತ್ತೆಗೆ ಐದನೆಯ ಸೂಚನೆ ಓದಿ ಹೇಳಿದೆ. "ಸರಿ, ನಾಳೆಯಿಂದ ನಿನ್ನ ಬಾಳೆಲೆನೂ ನಮ್ಮ ಜೊತೆಗೇ ಹಾಕು" ಎಂದಿದ್ದಾರೆ. ನಿಮ್ಮ ಮನೆಯಲ್ಲಿ ಏನಾಯಿತು, ಬರೆದು ತಿಳಿಸುತ್ತೀರಲ್ಲ?